ಇಂದಿರಕ್ಕ ಮತ್ತು ಸೇತುವೆ ಹತ್ತದ ಗಾಡಿ

ನನಗೆ ಬಂಗಾಳಿ ಚೆನ್ನಾಗಿ ಬರುತ್ತದೆ ಎಂದು ಇಪ್ಪತ್ತೆರಡು ವರ್ಷ ಜಂಬದಿಂದ ಓಡಾಡಿದವಳು ನಾನು. ಮೈಸೂರಿನಿಂದ ಮದುವೆಯಾಗಿ ಕೋಲ್ಕತ್ತಕ್ಕೆ ಬಂದ ಮೂರೇ ತಿಂಗಳಿಗೆ, ನಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಿದ್ದ ಮೀನಿನವನ ಜೊತೆ ಬಂಗಾಳಿಯಲ್ಲೇ ಜಗಳವಾಡಿ ಗೆದ್ದಿದ್ದೆ. ಆ ಜಂಬವನ್ನು ಇಳಿಸಿದವರು ಇಂದಿರಕ್ಕ.

ಇಂದಿರಕ್ಕ ಧಾರವಾಡದ ಕಡೆಯವರು. ವಯಸ್ಸು ಅರವತ್ತಾರು. ಗಂಡ ತೀರಿಕೊಂಡ ಮೇಲೆ ರೈಲ್ವೆಯವರು ಆತನ ಬದಲಿಗೆ ಇವರಿಗೆ ಕೆಲಸ ಕೊಟ್ಟರು. ಹೌರಾದ ಡೀಸೆಲ್ ಷೆಡ್ಡಿನಲ್ಲಿ ಹೆಂಗಸಿಗೆ ಇನ್ನೇನು ಕೆಲಸ ಎಂದು ರಿಜಿಸ್ಟರ್ ಬರೆಯಲು ಕೂರಿಸಿದರಂತೆ. ಎರಡು ವರ್ಷ ದೂರುಗಳನ್ನು ಬರೆದೂ ಬರೆದೂ, ಯಾವ ಎಂಜಿನ್ ಯಾವ ರೋಗಕ್ಕೆ ಮತ್ತೆ ಮತ್ತೆ ಬರುತ್ತದೆ ಎಂಬುದು ಫೋರ್‌ಮನ್‌ಗಿಂತ ಇವರಿಗೇ ಚೆನ್ನಾಗಿ ತಿಳಿಯಿತು. ಬಾಯಿಬಿಟ್ಟು ಹೇಳಿದಾಗ ಷೆಡ್ಡಿನವರು ನಕ್ಕರು. ಹೇಳಿದ್ದು ಮೂರು ಸಲ ಸರಿಯಾದಾಗ ಕೈಗೆ ಸ್ಪ್ಯಾನರ್ ಕೊಟ್ಟರು. ಅಲ್ಲಿಂದ ಮುಂದೆ ಇಪ್ಪತ್ತೊಂಬತ್ತು ವರ್ಷ ಅವರ ಸೀರೆ ಸೆರಗಿಗೆ ಗ್ರೀಸಿನ ಕಲೆ ತಪ್ಪಲಿಲ್ಲ. ಈಗಲೂ ಬಸ್ಸು ಹತ್ತಿದರೆ ಮೊದಲು ಎಂಜಿನ್ನಿನ ಸದ್ದು ಕೇಳಿ, ಆಮೇಲೆ ಸೀಟು ಹುಡುಕುತ್ತಾರೆ.

ನನ್ನದು ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ದೋಸೆ-ಇಡ್ಲಿ ಹಿಟ್ಟಿನ ಉದ್ಯೋಗ. ಆರು ಜನ ಹೆಂಗಸರು ರುಬ್ಬುತ್ತಾರೆ. ಹೌರಾದ ಹಾಸ್ಟೆಲ್ಲು, ಕ್ಯಾಂಟೀನುಗಳಿಗೆ ಬೆಳಗಾಗುವುದರೊಳಗೆ ಹಿಟ್ಟು ತಲುಪಬೇಕು. ಅದಕ್ಕೆಂದೇ ಹೋದ ವರ್ಷ ಒಂದು ಹಳೇ ಪಿಕಪ್ ಗಾಡಿ ಕೊಂಡೆ. ಓಡಿಸಲು ಪರಿಮಲ್‌ದಾ ಬಂದರು. ಐವತ್ತು ದಾಟಿದವರು, ಮಿತಭಾಷಿ. ಇಲ್ಲಿ 'ದಾ' ಎಂದರೆ ಅಣ್ಣ.

ನಾಲ್ಕು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಅದರ ಆಟ ಶುರುವಾಯಿತು. ಲೇಕ್ ಮಾರ್ಕೆಟ್ಟಿನಿಂದ ಹೊರಟಾಗ ಕುದುರೆಯ ಹಾಗೆ ಹೋಗುತ್ತಿದ್ದ ಗಾಡಿ, ಹೂಗ್ಲಿ ದಾಟುವ ಸೆಕೆಂಡ್ ಬ್ರಿಡ್ಜಿನ ಏರು ಬಂದಾಗ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಟ್ಟರೆ ತಾನೇ ಸರಿಯಾಗುತ್ತಿತ್ತು. ಒಂದೆರಡು ದಿನ ಹೀಗೆ, ಆಮೇಲೆ ಎರಡು ಮೂರು ದಿನ ಏನೂ ಇಲ್ಲ. ಇಬ್ಬರು ಮೆಕ್ಯಾನಿಕ್‌ಗಳು ನೋಡಿದರು. ಒಬ್ಬ ಫಿಲ್ಟರ್ ಬದಲಿಸಿದ, ಇನ್ನೊಬ್ಬ ಪಂಪು ಬಿಚ್ಚಿ ಜೋಡಿಸಿದ. ಗ್ಯಾರೇಜಿನಲ್ಲಿ ನಿಂತಾಗ ಗಾಡಿ ಬಲು ಸಭ್ಯ.

ಮೊದಲ ದಿನವೇ ಏನಾಯಿತೆಂದು ಪರಿಮಲ್‌ದಾ ಅವರನ್ನು ಕೇಳಿದ್ದೆ. "ಇಂಜಿನ್ ತೇಲ್ ಪಾಚ್ಛೆ ನಾ" ಎಂದರು. ಎಂಜಿನ್ನಿಗೆ ಎಣ್ಣೆ ಸಿಗುತ್ತಿಲ್ಲ, ಅಷ್ಟೇ ತಾನೆ? ನಾನು ಮರುದಿನವೇ ಎಂಜಿನ್ ಆಯಿಲಿನ ಡಬ್ಬ ತಂದು ಮುಂದಿಟ್ಟೆ. ಅವರು ಅಳತೆ ಕಡ್ಡಿ ತೆಗೆದು ತೋರಿಸಿ, ಇದು ಸರಿಯಾಗಿಯೇ ಇದೆ, ಬೇಡ ಎಂದರು. ನಿನ್ನೆ ಇಲ್ಲ ಎಂದವರು ಇವತ್ತು ಇದೆ ಎನ್ನುತ್ತಾರೆ! ನನ್ನ ತಲೆಯೊಳಗೆ ಅನುಮಾನ ಹೊಕ್ಕಿತು. ಟೀ ಕುಡಿಯಲು ಸೇತುವೆ ಹತ್ತಿರ ಗಾಡಿ ನಿಲ್ಲಿಸಿ ಕಥೆ ಕಟ್ಟುತ್ತಿದ್ದಾರೆ ಅನ್ನಿಸಿತು. ಹಿಟ್ಟು ಹುಳಿ ಬಂದು ಒಂದು ಹಾಸ್ಟೆಲ್ಲಿನವರು ವಾಪಸ್ ಕಳಿಸಿದ ದಿನ, ಆರು ಹೆಂಗಸರ ಎದುರಿಗೇ ಅವರನ್ನು ಸುಳ್ಳುಗಾರ ಎಂದುಬಿಟ್ಟೆ. ಶನಿವಾರದವರೆಗೆ ಬನ್ನಿ, ಆಮೇಲೆ ಬೇಡ ಎಂದೆ. ಅವರು ಎದುರು ಮಾತಾಡಲಿಲ್ಲ. ನನಗೆ ಅದೂ ತಪ್ಪೊಪ್ಪಿಗೆಯ ಹಾಗೇ ಕಂಡಿತು.

ಗುರುವಾರ ಕಾಫಿಪುಡಿ ಅಂಗಡಿಯಲ್ಲಿ ಇಂದಿರಕ್ಕ ಸಿಕ್ಕರು. ಗಾಡಿಯ ಕಥೆಯನ್ನೆಲ್ಲ ಹೇಳಿ, ಡ್ರೈವರನ್ನು ಬಿಡಿಸುತ್ತಿದ್ದೇನೆ ಎಂದೆ. ಅವರು ಡ್ರೈವರನ ವಿಷಯ ಕೇಳಲೇ ಇಲ್ಲ. ಹೊರಟು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾವ ವಾರ ನಿಲ್ಲುತ್ತದೆ ಎಂದು ವಿಚಾರಿಸಿದರು. ಅದೆಲ್ಲ ಡ್ರೈವರನನ್ನೇ ಕೇಳಬೇಕು ಎಂದೆ.

"ಗ್ಯಾರೇಜಿನ್ಯಾಗ ನಿಂತಾಗ ಅದಕ್ಕೇನೂ ರೋಗ ಇಲ್ಲ. ಕೆಡೋ ಜಾಗಾಕ್ಕ ನನ್ನ ಕರಕೊಂಡು ಹೋಗವಾ," ಎಂದರು.

ಶುಕ್ರವಾರ ನಸುಕಿನಲ್ಲಿ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಹೊರಟೆವು. ಇಂದಿರಕ್ಕ ತಮ್ಮ ಷೆಡ್ಡಿನ ಬಂಗಾಳಿಯಲ್ಲಿ ಪರಿಮಲ್‌ದಾ ಅವರನ್ನು ಮಾತಾಡಿಸಿದರು. ಗಾಡಿ ನಿಲ್ಲುವುದು ಟ್ಯಾಂಕ್ ತುಂಬಿದ ದಿನವೋ, ಖಾಲಿಯಾಗುತ್ತ ಬಂದ ದಿನವೋ ಎಂದು ಕೇಳಿದರು. ಪರಿಮಲ್‌ದಾ ತಡವರಿಸದೆ, ತುಂಬಿಸಿದ ದಿನ ಮತ್ತು ಅದರ ಮರುದಿನ, ನಿನ್ನೆ ತಾನೇ ತುಂಬಿಸಿದ್ದೇನೆ ಎಂದರು. ಇಂದಿರಕ್ಕ ನಕ್ಕರು. ಟ್ಯಾಂಕಿನ ತಳದಲ್ಲಿ ಕಸವಿದ್ದಿದ್ದರೆ ಹೀಗೆ ದಿನ ನೋಡಿ ಕೈಕೊಡುತ್ತಿರಲಿಲ್ಲ, ಇದು ಗಾಳಿಯ ಕೆಲಸ ಎಂದು ನನಗೆ ಹೇಳಿದರು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಸೇತುವೆಯ ಏರಿನಲ್ಲಿ ಗಾಡಿ ಕೆಮ್ಮಿತು, ಸೋತಿತು, ನಿಂತಿತು. ಇಂದಿರಕ್ಕ ಇಳಿದವರೇ ಡೀಸೆಲ್ ಟ್ಯಾಂಕಿನ ಮುಚ್ಚಳದ ಹತ್ತಿರ ಹೋದರು. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ, ಅದರಡಿ ದಪ್ಪ ಪ್ಲಾಸ್ಟಿಕ್ಕು. ಪಟ್ಟಿ ಬಿಚ್ಚಿ ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡಿತು. ಪರಿಮಲ್‌ದಾ ಸ್ಟಾರ್ಟ್ ಮಾಡಿದರು. ಹತ್ತು ನಿಮಿಷ ಕಾಯುವುದು ಹಾಗಿರಲಿ, ಒಂದು ನಿಮಿಷವೂ ಆಗಿರಲಿಲ್ಲ, ಗಾಡಿ ಸೇತುವೆ ಹತ್ತಿತು.

ಡೀಸೆಲ್ ಖರ್ಚಾದ ಜಾಗಕ್ಕೆ ಮುಚ್ಚಳದ ಸಣ್ಣ ತೂತಿನಿಂದ ಗಾಳಿ ಹೋಗಬೇಕಂತೆ. ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ. ಟ್ಯಾಂಕು ತುಂಬಿದ್ದರೆ ಒಳಗೆ ಗಾಳಿಯೇ ಕಡಿಮೆ, ಬೇಗ ಉಸಿರು ಕಟ್ಟುತ್ತದೆ. ನಿಂತು ಕಾದರೆ ಸಂದಿಯಲ್ಲಿ ಗಾಳಿ ನುಸುಳಿ ತಾನೇ ಸರಿಯಾಗುತ್ತದೆ. ಇಷ್ಟೆಲ್ಲ ಹೇಳಿ, ಈ ಪಟ್ಟಿ ಸುತ್ತಿದ ಜಾಣ ಯಾರು ಎಂದು ಕೇಳಿದರು.

ಸುತ್ತಿಸಿದವಳು ನಾನೇ. ಗಾಡಿಯ ಆಟ ಶುರುವಾಗುವ ಸ್ವಲ್ಪ ಮುಂಚೆ, ಹಿಟ್ಟಿಗೆ ಡೀಸೆಲ್ ವಾಸನೆ ಬಡಿಯಬಾರದೆಂದು. ಇಡ್ಲಿ ಹಿಟ್ಟಿನ ವಿಷಯದಲ್ಲಿ ನನ್ನ ಮಡಿ ಅಷ್ಟು. ಪ್ರತಿ ಸಲ ಡೀಸೆಲ್ ಹಾಕಿಸಿದ ಮೇಲೂ ಮತ್ತೆ ಬಿಗಿಯಾಗಿ ಕಟ್ಟಬೇಕೆಂದು ಪರಿಮಲ್‌ದಾ ಅವರಿಗೆ ತಾಕೀತು ಮಾಡಿದ್ದೆ. ಅವರು ಒಂದು ಸಲವೂ ತಪ್ಪಿಸಿರಲಿಲ್ಲ.

ಇನ್ನೂ ಒಂದು ಉಳಿದಿತ್ತು. ತಪ್ಪು ನನ್ನದೇ ಇರಲಿ, ಎಣ್ಣೆ ಇಲ್ಲ ಎಂದು ಇವರು ಸುಳ್ಳೇಕೆ ಹೇಳಬೇಕಿತ್ತು ಎಂದು ಪಟ್ಟು ಹಿಡಿದೆ. ಇಂದಿರಕ್ಕ ನನ್ನನ್ನೇ ದಿಟ್ಟಿಸಿದರು.

"ಇಲ್ಲಿ ಗಾಡಿ ಮಂದಿ ಬಾಯಾಗ ತೇಲ್ ಅಂದ್ರ ಡೀಸೆಲ್ಲು. ಎಂಜಿನ್ ಆಯಿಲ್‌ಗೆ ಮೊಬಿಲ್ ಅಂತಾರ. ಅಂವ ಮೊದಲನೇ ದಿನಾನ ಖರೇ ಹೇಳ್ಯಾನ ಶೋಭಾ. ನಿನಗ ತಿಳಿದಿಲ್ಲ."

ನನ್ನ ಜಂಬ ಪೂರ್ತಿ ಇಳಿದುಹೋಯಿತು. ಹೌರಾದಲ್ಲಿ ಹಿಟ್ಟು ಇಳಿಸಿ ವಾಪಸ್ ಬಂದೆವು. ಆರು ಜನರ ಎದುರು ಅಂದದ್ದನ್ನು ಆರು ಜನರ ಎದುರೇ ಹಿಂತೆಗೆದುಕೊಳ್ಳಬೇಕೆಂದು ಇಂದಿರಕ್ಕ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದರು. ಗ್ರೈಂಡರ್‌ಗಳನ್ನು ನಿಲ್ಲಿಸಿ, ಪರಿಮಲ್‌ದಾ ಸುಳ್ಳು ಹೇಳಿಲ್ಲ, ನಾನೇ ತಪ್ಪು ತಿಳಿದೆ ಎಂದು ಬಂಗಾಳಿಯಲ್ಲಿ ಹೇಳಿದೆ. ನನಗೆ ನಾಚಿಕೆಯಾಗಿತ್ತು.

ಪರಿಮಲ್‌ದಾ ತಲೆಯಾಡಿಸಿದರು. ಆಮೇಲೆ ಜೇಬಿನಿಂದ ಫೋನು ತೆಗೆದು ಯಾರಿಗೋ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಸುಳ್ಳುಗಾರ ಎಂದು ಬಿಡಿಸಿದ್ದಾರೆ ಅಂತ ಹೆಂಡತಿಗೆ ಹೇಳಿದ್ದೇನೆ, ಇದನ್ನು ಅವಳಿಗೂ ಹೇಳಿ ಎಂದರು.

ಹೇಳಿದೆ. ಸೋಮವಾರದಿಂದ ಅವರನ್ನು ಮತ್ತೆ ಕೆಲಸಕ್ಕೆ ಕಳಿಸುತ್ತೀರಾ ಎಂದು ನಾನೇ ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದು ಆಕೆ ಫೋನಿಟ್ಟರು. ಯಾರಿಗೂ ಕಾಯದ ನಾನು ಎರಡು ದಿನ ಫೋನು ಕೈಯಲ್ಲೇ ಹಿಡಿದು ಓಡಾಡಿದೆ. ಭಾನುವಾರ ಮಧ್ಯಾಹ್ನ ಕರೆ ಬಂತು. ಕಳಿಸುತ್ತೇನೆ ಎಂದರು. ಆದರೆ ನಮ್ಮ ಮನೆಯವರು ಜಾಸ್ತಿ ಮಾತಾಡುವವರಲ್ಲ, ಅರ್ಥವಾಗದಿದ್ದರೆ ನೀವೇ ಇನ್ನೊಂದು ಸಲ ಕೇಳಬೇಕು ಎಂದರು. ಕೇಳುತ್ತೇನೆ ಎಂದು ಒಪ್ಪಿಕೊಂಡೆ.