ನಮ್ಮ ಹೊಲದ ಅರಸರ ಹಾದಿ

ಇಂಥ ಕತೆ ಹೇಳುವವರನ್ನು ಕಂಡರೆ ನಗುತ್ತಿದ್ದವಳು ನಾನು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು. ಕಳೆ ಕಿತ್ತು, ಬಸ್ಸಿನಲ್ಲಿ ನಿಂತೇ ಓದಿ, ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮದು ಅಣ್ಣಿಗೇರಿ ಹತ್ತಿರದ ಎರೆಹೊಲ. ಅದರ ನಡುವೆ ಒಂದು ಪಟ್ಟಿಯನ್ನು ನಾವು ಬಿತ್ತುವುದಿಲ್ಲ. ಎತ್ತುಗಳು ಅಲ್ಲಿಗೆ ಬಂದಾಗ ಕೂರಿಗೆಯನ್ನು ಮೇಲೆತ್ತಿ, ಆಚೆ ದಾಟಿಸಿ ಮತ್ತೆ ಇಳಿಸುತ್ತಾರೆ. ಬಾಜೂ ಹೊಲದ ಹುಸೇನಸಾಬ ಕಾಕಾನ ಮನೆಯವರೂ ಹಾಗೆಯೇ ಬಿಟ್ಟಿದ್ದಾರೆ. ಅದಕ್ಕೆ ಅರಸರ ಹಾದಿ ಎಂದು ಹೆಸರು. ಅಲ್ಲಿ ಸಪ್ಪಳ ಕೇಳಿಸಿದರೆ ಬದಿಗೆ ಸರಿದು, ತಲೆಯ ಮೇಲಿನದನ್ನು ತೆಗೆದು ನಿಲ್ಲಬೇಕು ಎನ್ನುತ್ತಿದ್ದ ಅಪ್ಪ.

ಯಾವ ಅರಸರು ಎಂಬುದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ರಾಷ್ಟ್ರಕೂಟರನ್ನು ಕೆಡವಿ ಎದ್ದ ಚಾಲುಕ್ಯರು ಕಲ್ಯಾಣದಲ್ಲಿ ಕೂತು ತಲೆತಲಾಂತರ ಆಳಿದರು. ಕಡೆಗೆ ಕೈಕೆಳಗಿನ ಕಳಚೂರಿಗಳೇ ಗದ್ದುಗೆ ಕಸಿದರು. ಚಾಲುಕ್ಯರ ಕೊನೆಯ ಅರಸ ಅದನ್ನು ಮರಳಿ ಪಡೆಯಲು ನಮ್ಮ ಅಣ್ಣಿಗೇರಿಗೆ ಬಂದು ನಿಂತ. ಬಡಗಣದಿಂದ ಸೇವುಣರು, ತೆಂಕಣದಿಂದ ಹೊಯ್ಸಳರು ಒತ್ತಿ ಬಂದಾಗ ಇಲ್ಲಿಂದಲೂ ಏಳಬೇಕಾಯಿತು. ಆಮೇಲೆ ಅವನ ಸುದ್ದಿ ಸರಿಯಾಗಿ ಸಿಗುವುದಿಲ್ಲ. ಹೈಸ್ಕೂಲಿನಲ್ಲಿ ಈ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಅಷ್ಟು ದೊಡ್ಡ ಮನೆತನ ನಮ್ಮ ಕಡಲೆ ಹೊಲದಲ್ಲಿ ಹಾದು ಹೋಯಿತು ಎನ್ನುವುದು ಮಾತ್ರ ನನಗೆ ತಮಾಷೆಯಾಗಿಯೇ ಇತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪನ ಕಣ್ಣು ಮಂಜಾಗಿ ನೆರಳಷ್ಟೇ ಕಾಣುತ್ತಿತ್ತು. ಆದರೂ ಚಳಿಗಾಲದಲ್ಲಿ ನಸುಕಿಗೆ ಎದ್ದು ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ. ರಾತ್ರಿ ಕಡಲೆ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿರುತ್ತೇವೆ. ಬೆಳಗಿಗೆ ಅದು ಹುಳಿಯಾದ ಇಬ್ಬನಿ ಕುಡಿದಿರುತ್ತದೆ. ಹಿಂಡಿ ಶೀಸೆಗೆ ತುಂಬಿಟ್ಟರೆ ಹೊಟ್ಟೆನೋವಿಗೆ ಔಷಧ. ಹಾದಿಯ ಗಟ್ಟಿ ನೆಲವನ್ನು ಅಂಗಾಲಿನಲ್ಲೇ ಗುರುತಿಸುತ್ತ, ಬೇವಿನ ಗಿಡದ ನೆರಳು ಕಂಡ ಕೂಡಲೇ ಅಪ್ಪ ತಿರುಗುತ್ತಿದ್ದ. ಅದರ ಹಿಂದಿನ ಬೇಸಿಗೆಯಲ್ಲಿ ಬೇವಿನ ಗಿಡದಾಚೆ, ಹಾದಿಗೆ ಅಡ್ಡವಾಗಿಯೇ, ಕೃಷಿ ಹೊಂಡ ತೋಡಿಸಿ ಕಾಲುವೆ ನೀರು ತುಂಬಿಸಿದ್ದೆವು. ಒಳಗೆಲ್ಲ ಪ್ಲಾಸ್ಟಿಕ್ ಹಾಸಿದ ಹೊಂಡ. ಬಿದ್ದವರಿಗೆ ಮೇಲೆ ಬರಲು ಹಿಡಿತ ಸಿಗುವುದಿಲ್ಲ.

ಅವತ್ತು ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ಅವ್ವ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

“ನಿಮ್ಮಪ್ಪ ಹೊಲಕ್ಕ ಹೋಗಿಬಿಟ್ಟಾನವಾ! ಇಂಥಾದ್ರಾಗ ಬೇವಿನ ಗಿಡ ಹೆಂಗ ಕಾಣ್ತೈತಿ ಅವಗ? ಓಡ!”

ಓಡಿದೆ. ಹೊಲದ ದಂಡೆಯಲ್ಲಿ ಹುಸೇನಸಾಬ ಕಾಕಾ ಸಿಕ್ಕ. ನಾನು ಆಗಲೇ ಒಮ್ಮೆ ಮುಗ್ಗರಿಸಿದ್ದೆ.

“ಎಮ್ಮೆ ಓದಿದಿ, ನೆಲಾ ನೋಡಿ ನಡಿಯೂದು ಕಲಿಸಲಿಲ್ಲೇನ ನಿನಗ? ನನ್ನ ಕೈ ಹಿಡಿ” ಎಂದ. ಎಂ.ಎ.ಗೆ ಅವನು ಎಮ್ಮೆ ಎನ್ನುವುದು ಹಳೆಯ ಚೇಷ್ಟೆ. ಅವತ್ತು ಇಬ್ಬರೂ ನಗಲಿಲ್ಲ.

ಅಪ್ಪನನ್ನು ಕೂಗುತ್ತ ಹಾದಿ ಹಿಡಿದು ಹೊರಟೆವು. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸಪ್ಪಳ ಬಂತು. ಬಹಳ ಮಂದಿ ನಡೆಯುವ ಸಪ್ಪಳ, ಆದರೆ ಮಾತಿಲ್ಲ, ಕೆಮ್ಮಿಲ್ಲ. ಕಾಕಾ ನನ್ನ ರಟ್ಟೆ ಹಿಡಿದು ಕಡಲೆಯೊಳಕ್ಕೆ ಎಳೆದ. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ.

“ಸೆರಗು ಇಳಸ ತಂಗಿ. ಸುಮ್ಮ ನಿಂದ್ರ.”

ಚಳಿಗೆ ತಲೆಗೆ ಹೊದ್ದಿದ್ದ ಸೆರಗನ್ನು ಇಳಿಸಿದೆ. ಆರಿದ ದೀಪದ ಬತ್ತಿಯ ವಾಸನೆ ಮೂಗಿಗೆ ಹೊಡೆಯಿತು. ಒಂದಲ್ಲ, ಊರಿನ ದೀಪಗಳನ್ನೆಲ್ಲ ಒಮ್ಮೆಲೇ ಆರಿಸಿದಷ್ಟು. ನಾನು ಯಾರನ್ನೂ ನೋಡಲಿಲ್ಲ. ಸಪ್ಪಳ ನಮ್ಮನ್ನು ದಾಟಿ ಹೊಂಡದ ಕಡೆಗೆ ಹೋಯಿತು. ನೀರಿನ ಸದ್ದು ಮಾತ್ರ ಬರಲಿಲ್ಲ.

ಅಪ್ಪ ಸಿಕ್ಕಿದ್ದು ಹೊಂಡದ ಅಂಚಿನಲ್ಲಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀರು. ಹಾದಿಯ ಬದಿಗೆ, ಗಿಡಗಳ ನಡುವೆ, ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

“ಎದಿಗೆ ಕೈ ಹಚ್ಚಿ ಬಾಜೂಕ ಸರಿಸಿದ್ರು. ನೀನಽ ಅಂತ ತಿಳಿದಿದ್ನಿ” ಎಂದ. “ಕೈ ಭಾಳ ತಣ್ಣಗಿತ್ತವಾ.”

ಮಂಜು ತಿಳಿಯಾದ ಕೂಡಲೇ ನೋಡಿದೆವು. ಹೊಲದ ತುಂಬ ಇಬ್ಬನಿ. ಹಾದಿಯ ಎರಡೂ ಬದಿಯ ಗಿಡಗಳು ಮಾತ್ರ, ಬಟ್ಟೆ ಸವರಿಕೊಂಡು ಹೋದಂತೆ, ಒಂದು ಹನಿಯೂ ಇಲ್ಲದೆ ಒಣಗಿದ್ದವು. ಹೊಂಡದ ಆಚೆ ದಂಡೆಯಿಂದ ಮುಂದಕ್ಕೂ ಹಾಗೆಯೇ. ದನ ಹಾದಿರಬಹುದು, ಗಾಳಿ ಇರಬಹುದು ಎಂದು ನನಗೆ ನಾನೇ ಹೇಳಿ ನೋಡಿದ್ದೇನೆ. ಹೊಂಡದ ಹತ್ತಿರ ಬಂದ ಕೂಡಲೇ ಆ ವಾದ ನಿಂತುಬಿಡುತ್ತದೆ.

ಅದೇ ವಾರ ಹೊಂಡಕ್ಕೆ ತಂತಿ ಬೇಲಿ ಹಾಕಿಸಿದೆವು. ಅವ್ವನಿಗೆ ಜೀವ ಬಂದಂತಾಯಿತು. ಅಪ್ಪ ಮಾತ್ರ, ಹಾದಿ ಬಂದು ಮುಟ್ಟುವ ಕಡೆ ಈಚೆಗೊಂದು ಆಚೆಗೊಂದು ಗೇಟ್ ಇರಲಿ ಎಂದ. ಅವ್ವ ಬೈದಳು. ಚಿಲಕ ಹಾಕಿಯೇ ಇಡೋಣ ಎಂದು ಅವಳನ್ನು ಒಪ್ಪಿಸಿದವಳು ನಾನು.

“ಎಷ್ಟ ಅಗಲ ಇಡೂಣ್ರಿ ಟೀಚರ್?” ಎಂದು ಕೆಲಸದವ ಕೇಳಿದ.

“ಪಲ್ಲಕ್ಕಿ ಹಾಯೂವಷ್ಟು” ಎಂದೆ.

ಪಲ್ಲಕ್ಕಿ ಎಂಬ ಮಾತು ನನ್ನ ಬಾಯಿಗೆ ಯಾಕೆ ಬಂತೋ ಇವತ್ತಿಗೂ ತಿಳಿದಿಲ್ಲ. ಆ ಮಂಜಿನಲ್ಲಿ ನಾನು ಏನನ್ನೂ ಕಂಡಿರಲಿಲ್ಲ.