ಹಗ್ಗದ ಮೇಲಿನ ಅಂಗಿ

ಕೊಟ್ರಬಸಮ್ಮನ ವಿಧವಾ ವೇತನ ರದ್ದು ಮಾಡಿದ ಆದೇಶವನ್ನು ಟೈಪ್ ಮಾಡಿದವಳು ನಾನು. ೧೯೮೫ರ ಜೂನ್ ತಿಂಗಳು. ಅನರ್ಹರನ್ನು ಪಟ್ಟಿಯಿಂದ ತೆಗೆಯಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹಳ್ಳಿಹಳ್ಳಿಗೆ ಜೀಪು ಹೋಗುತ್ತಿತ್ತು. ಹೆಚ್ಚು ಹೆಸರು ಹೊಡೆದುಹಾಕಿದವನೇ ಹೆಚ್ಚು ಕೆಲಸ ಮಾಡಿದವನು ಎಂಬಂತಾಗಿತ್ತು. ದಿನವೂ ನನ್ನ ಮೇಜಿಗೆ ಅಂಥ ಆದೇಶಗಳ ಕಟ್ಟು ಬರುತ್ತಿತ್ತು. ಹೆಸರು ಮನಸ್ಸಿಗೆ ಇಳಿಯದ ಹಾಗೆ ಟೈಪ್ ಮಾಡುವುದನ್ನು ನಾನೂ ಕಲಿತುಬಿಟ್ಟಿದ್ದೆ.

ಆಗಸ್ಟಿನಲ್ಲಿ ಆಕೆ ಬಳ್ಳಾರಿಯ ನಮ್ಮ ಕಚೇರಿಗೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಬಿಸಿಲಿಗೆ ಕಂದಿದ ಮುಖ. ಎರಡು ತಿಂಗಳಿಂದ ಮನಿಯಾರ್ಡರ್ ಬಂದಿಲ್ಲ, ಯಾಕೆಂದು ಕೇಳಲು ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ನನ್ನ ಪಕ್ಕದ ಮೇಜಿನ ಗುಮಾಸ್ತ ಸುಂಕಪ್ಪ ತಲೆಯನ್ನೂ ಎತ್ತಲಿಲ್ಲ.

"ನಿಂದು ಕ್ಯಾನ್ಸಲ್ ಆಗೈತಿ. ಹೋಗು."

"ಯಾಕ್ರೀ ಯಪ್ಪಾ? ನಾ ಏನ್ ತಪ್ಪು ಮಾಡೀನಿ?"

"ಅದು ನಿನಗ ಗೊತ್ತಿರಬೇಕು," ಎಂದು ಆತ ನಕ್ಕ.

ಆ ನಗು ನನಗೆ ಹಿಡಿಸಲಿಲ್ಲ. ಫೈಲು ತೆಗೆದು ಓದಿದೆ. ತಪಾಸಣೆಗೆ ಹೋದ ಸಾಹೇಬರ ವರದಿ ಮೂರೇ ಸಾಲಿನದು: 'ಮನೆಯ ಮುಂದಿನ ಹಗ್ಗದ ಮೇಲೆ ಗಂಡಸಿನ ಅಂಗಿ ಒಣಗುತ್ತಿದ್ದುದು ಕಂಡುಬಂದಿದೆ. ಫಲಾನುಭವಿಯು ಬೇರೊಬ್ಬ ಪುರುಷನೊಂದಿಗೆ ಸಂಸಾರ ನಡೆಸುತ್ತಿರುವಂತೆ ತಿಳಿದುಬರುತ್ತದೆ. ವೇತನ ರದ್ದುಪಡಿಸಬಹುದು.'

ಆಕೆಯನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಓದಿ ಹೇಳಿದೆ. ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಣ್ಣೀರು ಬರುತ್ತದೇನೋ ಎಂದುಕೊಂಡಿದ್ದೆ, ಬರಲಿಲ್ಲ.

"ಆ ಅಂಗಿ ನಂದ್ರಿ ಅಮ್ಮಾರೆ. ಭತ್ತ ಕೊಯ್ಯಾಕ ಹೋಗುವಾಗ ಸೀರಿ ಮ್ಯಾಲೆ ಹಾಕ್ಕಂತೀನಿ. ಇಲ್ಲಾಂದ್ರ ಗರಿ ಮೈಯೆಲ್ಲಾ ಗೀರತಾವು. ನಮ್ಮ ಕಡಿ ಕೂಲಿ ಹೆಣ್ಮಕ್ಕಳು ಎಲ್ಲಾರೂ ಹಾಕ್ಕಂತಾರ. ಆ ಸಾಹೇಬ ಬಂದಾಗ ನಾನು ಹೊಲದಾಗಿದ್ದೆ. ನನ್ನ ಕೇಳಬಾರದಾಗಿತ್ತಾ? ಹಗ್ಗ ನೋಡಿ ಹೋದ್ನಾ?"

ಆ ಅಂಗಿ ಆಕೆಯ ಗಂಡ ಎರ್ರಿಸ್ವಾಮಿಯದು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಆತ ಹಮಾಲಿ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಮೂಟೆಗಳ ಅಟ್ಟಿ ಜಾರಿ ಮೇಲೆ ಬಿದ್ದು ಸತ್ತ. ಗಿರಣಿಯ ಮಾಲೀಕ ಹೆಣಕ್ಕೆ ಬಟ್ಟೆ ಕೊಟ್ಟು ಕೈತೊಳೆದುಕೊಂಡ. ಕೊಟ್ರಬಸಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕುರುಗೋಡಿನ ಹತ್ತಿರದ ತನ್ನ ಊರಲ್ಲಿ ಕೂಲಿಗೆ ನಿಂತಳು. ಕೆಲವೇ ದಿನಗಳಲ್ಲಿ ಹೆಣ್ಣಾಳುಗಳ ಗುಂಪಿಗೆ ಮುಂದಾಳಾದಳು. ವಿಧವಾ ವೇತನದ ಸುದ್ದಿ ಬಂದಾಗ ತಾನೇ ಓಡಾಡಿ ಅರ್ಜಿ ಕೊಟ್ಟಳು. ತಿಂಗಳಿಗೆ ಐವತ್ತು ರೂಪಾಯಿ. ಅದರ ಮೇಲೆಯೇ ದೊಡ್ಡ ಮಗಳು ವಿರೂಪಮ್ಮ ಬಸ್ಸು ಹತ್ತಿ ಕುರುಗೋಡಿನ ಶಾಲೆಗೆ ಹೋಗುತ್ತಿದ್ದಳು. ಆರನೇ ತರಗತಿ. ಲೆಕ್ಕದಲ್ಲಿ ಬಲು ಚುರುಕು.

ನಾನೂ ವಿಧವೆಯೇ. ಗುಮಾಸ್ತರಾಗಿದ್ದ ನನ್ನ ಯಜಮಾನರು ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ನನಗೆ ಈ ನೌಕರಿ ಸಿಕ್ಕಿತು. ಗಾಂಧಿನಗರದ ನನ್ನ ಮನೆಯ ಹಿತ್ತಲಿನಲ್ಲಿ ನನ್ನ ತಮ್ಮನ ಪ್ಯಾಂಟು ಎಷ್ಟೋ ಸಲ ಒಣಗಿದೆ. ಯಾವ ಜೀಪೂ ಬಂದು ನೋಡಲಿಲ್ಲ. ಗಿರಿಜಾಬಾಯಿ ಎಂಬ ನನ್ನ ಜೊತೆ ಎಲ್ಲರೂ 'ಬಾಯಿಯವರೇ' ಎಂದು ಮರ್ಯಾದೆಯಿಂದಲೇ ಮಾತಾಡುತ್ತಿದ್ದರು. ಹೊಲದಲ್ಲಿ ದುಡಿಯುವವಳ ಮಾನ ಮಾತ್ರ ಹಾದಿಬೀದಿಯಲ್ಲಿ ಬಿದ್ದಿರುತ್ತದೆ, ಯಾರು ಬೇಕಾದರೂ ಅದರ ಮೇಲೆ ಷರಾ ಬರೆಯಬಹುದು! ಹಾಗೆ ಬರೆದದ್ದನ್ನು ಕಣ್ಣುಮುಚ್ಚಿ ಆದೇಶವಾಗಿಸಿದ ಕೈ ನನ್ನದು ಎಂಬ ಸಿಟ್ಟಿಗೆ ಅವತ್ತು ನನಗೆ ಊಟ ಸೇರಲಿಲ್ಲ.

ಮರುಪರಿಶೀಲನೆಗೆ ಅರ್ಜಿ ನಾನೇ ಬರೆದುಕೊಟ್ಟೆ. ಆಕೆ ಮರುಮದುವೆಯಾಗಿಲ್ಲ ಎಂದು ಊರಿನ ಇಬ್ಬರು ಗೌರವಸ್ಥರ ಸಹಿ ತರಬೇಕೆಂದು ಉತ್ತರ ಬಂತು. ಊರಿನ ಗೌರವಸ್ಥನೆಂದರೆ ಕಾಲುವೆ ಕೆಳಗಿನ ಗದ್ದೆಗಳ ಒಡೆಯ ಹಾಲಸಿದ್ದಪ್ಪ. ಅವನು ಒಲ್ಲೆನೆಂದರೆ ಊರಲ್ಲಿ ಇನ್ನೊಬ್ಬನ ಪೆನ್ನು ಏಳುತ್ತಿರಲಿಲ್ಲ. ಅವನು ಆಕೆಗೆ ಹೇಳಿದ ಮಾತನ್ನು ಆಕೆ ಮುಂದಿನ ಸಲ ಬಂದಾಗ ನನಗೆ ಹೇಳಿದಳು.

"ಸಹಿ ಹಾಕತೀನಿ, ನಿನ್ನ ಗುಂಪಿನ ಆಳುಗಳನ್ನ ಈ ಸಲ ಅರ್ಧ ಕೂಲಿಗೆ ಕಳೆ ತೆಗಿಯಾಕ ಕಳಿಸು ಅಂದನ್ರಿ. ನನ್ನ ಐವತ್ತು ರೂಪಾಯಿಗೆ ಹದಿನಾಲ್ಕು ಮಂದಿ ಹೊಟ್ಟಿ ಮ್ಯಾಲೆ ಹೊಡಿಲೇನ್ರಿ? ಆಗಂಗಿಲ್ಲ ಅಂದು ಬಂದೆ."

ಸಹಿ ಸಿಗಲಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಯಿತು. ದಸರಾ ರಜೆ ಮುಗಿದ ಮೇಲೆ ವಿರೂಪಮ್ಮ ಶಾಲೆಗೆ ಹೋಗಲಿಲ್ಲ. ತಾಯಿಯ ಜೊತೆ ಹತ್ತಿ ಬಿಡಿಸಲು ಹೋದಳು.

ಫೆಬ್ರವರಿಯಲ್ಲಿ ದೊಡ್ಡ ಸಾಹೇಬರು ಕಚೇರಿಯಲ್ಲಿ ಜನರ ಅಹವಾಲು ಕೇಳುವ ದಿನ ಇಟ್ಟರು. ನಾನು ಕೊಟ್ರಬಸಮ್ಮನಿಗೆ ಒಂದು ಕಾರ್ಡು ಬರೆದು ಹಾಕಿದೆ. ಒಬ್ಬಳೇ ಬರುತ್ತಾಳೆಂದುಕೊಂಡಿದ್ದೆ. ಕುರುಗೋಡು ಬಸ್ಸಿನಿಂದ ಇಳಿದು ಹದಿನೈದು ಹೆಂಗಸರು ಬಂದರು. ಎಲ್ಲರೂ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ಚೌಕಳಿಯವು, ಕಾಲರು ಹರಿದವು, ಗುಂಡಿಯ ಬದಲು ಪಿನ್ನು ಸಿಕ್ಕಿಸಿದವು. ಜವಾನ ಬಾಗಿಲಿಗೆ ಅಡ್ಡ ನಿಂತ. ಅವರು ಅವನನ್ನು ಸರಿಸಿಕೊಂಡೇ ಒಳಗೆ ಬಂದರು.

"ಏನಮ್ಮಾ ಇದು, ನಾಟಕಾನಾ?" ಎಂದರು ದೊಡ್ಡ ಸಾಹೇಬರು.

ಕೊಟ್ರಬಸಮ್ಮ ಮುಂದೆ ಬಂದಳು. "ನಾಟಕ ಅಲ್ರಿ, ಇದು ನಮ್ಮ ಕೆಲಸದ ಬಟ್ಟಿ. ಗಂಡನ ಅಂಗಿ ಹಾಕ್ಕಂಡೋರು ಅದಾರ, ಅಣ್ಣಂದು ಹಾಕ್ಕಂಡೋರು ಅದಾರ, ಸಂತ್ಯಾಗ ಹಳೇದು ಕೊಂಡು ಹಾಕ್ಕಂಡೋರು ಅದಾರ. ಒಂದೊಂದು ಅಂಗಿಗೂ ಒಬ್ಬ ಗಂಡಸು ಇರಬೇಕಂದ್ರ ನಿಮ್ಮ ಸಾಹೇಬನ್ನ ಕರಸ್ರಿ, ಇಲ್ಲೇ ನಿಂತು ಬರಕೊಳ್ಳಲಿ. ನನ್ನ ಗಂಡ ಸತ್ತದ್ದು ಸಿರುಗುಪ್ಪಕ್ಕೆಲ್ಲಾ ಗೊತ್ತೈತಿ. ಅವನ ಅಂಗಿ ಹಾಕ್ಕಂಡು ದುಡದ್ರ ಅದು ಹಾದರ ಏನ್ರಿ?"

ಸಾಹೇಬರು ಫೈಲು ಕೇಳಿದರು. ಸುಂಕಪ್ಪ ಹುಡುಕುವಂತೆ ನಟಿಸತೊಡಗಿದ. ನಾನು ಅದನ್ನು ನನ್ನ ಮೇಜಿನಲ್ಲೇ ಇಟ್ಟುಕೊಂಡಿದ್ದೆ. ಎದ್ದು ಹೋಗಿ ಅವರ ಮುಂದಿಟ್ಟೆ. "ಸಾರ್, ವರದಿ ಬರೆದವರು ಈಕೆಯ ಮುಖಾನೂ ನೋಡಿಲ್ಲ, ನೆರೆಯವರನ್ನೂ ಕೇಳಿಲ್ಲ. ಬೇಕಿದ್ದರೆ ಓದಿ ನೋಡಿ," ಎಂದೆ.

ಅವರು ಓದಿದರು. ಒಂದು ಕ್ಷಮೆಯ ಮಾತಾದರೂ ಬಂದೀತೆಂದು ನಾನು ಕಾದೆ. "ಸರಿ, ಪುನಃ ಮಂಜೂರು ಮಾಡಿ," ಎಂದಷ್ಟೇ ಹೇಳಿ ಮುಂದಿನ ಅರ್ಜಿ ತೆಗೆದುಕೊಂಡರು.

ಮಂಜೂರಾಯಿತು, ಆದರೆ ಆ ದಿನದಿಂದ ಮಾತ್ರ. ನಿಂತುಹೋದ ಎಂಟು ತಿಂಗಳ ಹಣಕ್ಕೆ ನಿಯಮದಲ್ಲಿ ಅವಕಾಶವಿಲ್ಲವಂತೆ. ಸುಳ್ಳು ವರದಿ ಬರೆದವನಿಗೆ ಒಂದು ಮೆಮೊ ಕೂಡ ಹೋಗಲಿಲ್ಲ. ಅದೇ ವರ್ಷ ಬಡ್ತಿ ಪಡೆದು ಬೇರೆ ಊರಿಗೆ ಹೋದ. ನನ್ನನ್ನು ಮಾತ್ರ ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಅಲ್ಲಿಂದಲೇ ಬಾಕಿ ಹಣಕ್ಕಾಗಿ ಆಕೆಯ ಪರವಾಗಿ ಮೂರು ಸಲ ಅರ್ಜಿ ಬರೆದೆ. ಮೂರಕ್ಕೂ ಒಂದೇ ಉತ್ತರ.

ಜೂನಿನಲ್ಲಿ ಒಂದು ಭಾನುವಾರ ಅವರ ಊರಿಗೆ ಹೋದೆ. ವಿರೂಪಮ್ಮನನ್ನು ಮತ್ತೆ ಶಾಲೆಗೆ ಸೇರಿಸಲು ಹೇಳಬೇಕೆಂದಿದ್ದೆ. ಹುಡುಗಿ ಮನೆಯ ಮುಂದೆ ಕುಡುಗೋಲು ಮಸೆಯುತ್ತಿದ್ದಳು. ನಾನು ಕೇಳಿದ್ದಕ್ಕೆ "ಇನ್ನ ನಾ ಒಲ್ಲೆರಿ. ತಂಗಿ ಹೋಗ್ಲಿ," ಎಂದಳು. ಅವಳ ಬೆರಳ ತುದಿಗಳು ಹತ್ತಿಕಾಯಿಯ ಮುಳ್ಳಿಗೆ ಒಡೆದಿದ್ದವು. ಅವಳಿಗಾಗ ಹದಿಮೂರು ವರ್ಷ.

ಕೊಟ್ರಬಸಮ್ಮ ನನಗೆ ಚಹಾ ಕೊಟ್ಟಳು. ಹೊರಡುವಾಗ ಬಸ್ಸಿನವರೆಗೂ ಬಂದಳು. "ಮೊನ್ನೆ ಪೋಸ್ಟಿನವ ರೊಕ್ಕ ಕೊಟ್ಟು, ಸರಕಾರಕ್ಕ ಕೈ ಮುಗಿ ಅಂದನ್ರಿ ಅಮ್ಮಾರೆ," ಎಂದಳು. "ಹೆಬ್ಬೆಟ್ಟು ಒತ್ತೀನಿ, ಕೈ ಮುಗಿಯಂಗಿಲ್ಲ ಅಂದೆ."