ನನ್ನ ದನಿಗೆ ಸಿಕ್ಕ ಕೆಲಸ

"ನಿನ್ನಿ ಫೋನಿನ್ಯಾಗ ಎಷ್ಟ್ ಛಂದ ಮಾತಾಡಿದಿ ಮಗಳ. ನಿಮ್ಮವ್ವನ ಮೊಣಕಾಲ್ ನೋವು ಈಗ ಹ್ಯಾಂಗದ?"

ಧಾರವಾಡದ ಶಕುಂತಲಜ್ಜಿ ಕೌಂಟರಿನ ಮುಂದೆ ನಿಂತು ಕೇಳಿದಾಗ ಅವರ ಇನ್ಶೂರೆನ್ಸ್ ಕಾರ್ಡು ನನ್ನ ಕೈಯಲ್ಲಿತ್ತು. ನಿನ್ನೆ ನನಗೆ ರಜೆ. ಅಮ್ಮ ತೀರಿಕೊಂಡು ಮೂರು ವರ್ಷ.

ಇಲ್ಲಿ ಪರದೇಶದಲ್ಲಿ, ಸ್ಯಾನ್ ಮಟಿಯೋದ ಹಾರ್ಟ್ ಕ್ಲಿನಿಕ್ಕೊಂದರಲ್ಲಿ ನಾನು ಫೋನ್ ಎತ್ತುವವಳು. (ಎತ್ತುತ್ತಿದ್ದವಳು ಅನ್ನಬೇಕು.) ಈಚೆಗೆ ಫೋನುಗಳನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿದರು. ನಮ್ಮ ಕಡೆಯ ಹಿರಿಯ ಪೇಶೆಂಟುಗಳಿಗೆ ಕನ್ನಡದಲ್ಲೇ ಉತ್ತರ ಸಿಗಲಿ, ನಿನ್ನ ದನಿ ಕೊಡು ಅಂದಳು ಮ್ಯಾನೇಜರ್ ಮೇಗನ್. ಅವರು ಕೊಟ್ಟ ಸಾಲುಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟೆ. ಬದಲಾಗಲ್ಲ ಅಂದರೆ ಕೆಲಸ ಉಳಿಯುತ್ತಾ?

ಈಗ ಆ ದನಿ ಮಾತಾಡಿದ ಕಾಲ್‌ಗಳನ್ನು ಕೇಳಿ, ತಪ್ಪಿದ್ದ ಕಡೆ 'ತಪ್ಪು' ಅಂತ ಗುರುತು ಹಾಕುವುದೇ ನನ್ನ ಡ್ಯೂಟಿ. ಅದು ತಿದ್ದಿಕೊಳ್ಳುತ್ತದೆ. ಐವತ್ತು ದಾಟಿದ ಮೇಲೆ ಇದನ್ನು ಕಲಿತೆನಲ್ಲ ಅಂತ ಒಳಗೊಳಗೇ ಜಂಬವೂ ಇತ್ತು.

ಅಜ್ಜಿಯನ್ನು ಡಾಕ್ಟರ ಬಳಿ ಕಳಿಸಿ, ಹೆಡ್‌ಫೋನ್ ಹಾಕಿಕೊಂಡು ಆ ಕಾಲ್ ಕೇಳಿದೆ.

"ನಮ್ಮಮ್ಮಂಗೂ ಮಂಡಿನೋವು ಅಜ್ಜಿ. ಬೆಳಿಗ್ಗೆ ಎಣ್ಣೆ ಹಚ್ಚಿ ಬಂದೆ," ಅಂದಿತು ನನ್ನ ದನಿ. ಆಮೇಲೆ ಸಣ್ಣಗೆ ನಕ್ಕಿತು. ಅದು ನನ್ನದೇ ನಗು. ರೆಕಾರ್ಡಿಂಗಿನಲ್ಲಿ ನಾನು ಒಂದು ಸಲವೂ ನಕ್ಕಿರಲಿಲ್ಲ.

ಮೇಗನ್ ವಿಚಾರಿಸಿ ಬಂದಳು. ಕ್ಲಿನಿಕ್ಕಿನ ಹಳೆಯ ಕಾಲ್‌ಗಳನ್ನೂ ಅದಕ್ಕೆ ಕೇಳಿಸಿದ್ದರಂತೆ. ಅಮ್ಮ ಇದ್ದ ದಿನಗಳಲ್ಲಿ ಯಾರಿಗೋ ನಾನು ಹೇಳಿದ್ದ ಮಾತದು. ಗುರುತು ಹಾಕಿಬಿಡು, ಸರಿಹೋಗುತ್ತೆ ಅಂದಳು.

ಹಾಕುವ ಮುಂಚೆ ಇನ್ನೊಮ್ಮೆ ಕೇಳಿದೆ. ಅಲ್ಲಿ ಅಮ್ಮ ಇನ್ನೂ ಮನೆಯಲ್ಲಿದ್ದಾಳೆ, ಕಾಲು ಚಾಚಿಕೊಂಡು ಕೂತಿದ್ದಾಳೆ. ಬೆರಳು ಏಳಲಿಲ್ಲ. ಕೊನೆಗೂ ಒತ್ತಿದೆ.

ಅಜ್ಜಿ ಹೊರಗೆ ಬಂದಾಗ ಕೈ ಹಿಡಿದುಕೊಂಡು ನಿಜ ಹೇಳಿದೆ. ಫೋನಿನಲ್ಲಿ ಇದ್ದದ್ದು ನಾನಲ್ಲ, ಮಷೀನು. ನನ್ನ ತಾಯಿ ಈಗಿಲ್ಲ ಅಂದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, ಕ್ಯುಪರ್ಟಿನೋದಿಂದ ಕರೆತಂದಿದ್ದ ಮಗಳ ಪಕ್ಕಕ್ಕೆ ಸರಿದರು. ಹೆದರಿದ್ದು ಮಷೀನಿಗಲ್ಲ, ನನಗೆ.

ಮರುದಿನ ಅವರು ಮತ್ತೆ ಫೋನ್ ಮಾಡಿದ್ದರು. ಕೇಳಿಸಿಕೊಂಡೆ. ಅಮ್ಮನ ಸುದ್ದಿ ಬರಲಿಲ್ಲ. ಅಷ್ಟನ್ನು ಅದು ತಿದ್ದಿಕೊಂಡಿತ್ತು.

"ನೀ ಮಷೀನ್ ಅಂತ, ಖರೇನೇನು?" ಅಜ್ಜಿಯ ದನಿ ನಡುಗುತ್ತಿತ್ತು.

"ಅಯ್ಯೋ, ನಾನೇ ಅಜ್ಜಿ. ಇಷ್ಟು ವರ್ಷದಿಂದ ಮಾತಾಡ್ತಿಲ್ವಾ? ಕೌಂಟರಿನಲ್ಲಿ ಇರೋರು ಹೊಸಬರು, ಇನ್ನೂ ಕೆಲಸ ಕಲೀತಿದ್ದಾರೆ."

ಅಜ್ಜಿ ಉಸಿರು ಬಿಟ್ಟಿದ್ದು ಕೇಳಿಸಿತು. ನೆಮ್ಮದಿಯ ಉಸಿರು.

ಕಲಿಯುತ್ತಿರುವುದಂತೂ ನಿಜ. ಈಗ ಹೇಳಿ, ಇದಕ್ಕೆ 'ತಪ್ಪು' ಅಂತ ಗುರುತು ಹಾಕಲಾ?